ಸ್ತ್ರೀಯರ ಕೂಟಕ್ಕೆ ಯಾವ ಬೈಬಲ್ ಸ್ಟಡಿ ವರ್ಕ್‌ಬುಕ್ ತಗೊಳ್ಳೋದು?

"ಈ ಸಲ ಯಾವ ಪುಸ್ತಕ ಮಾಡೋಣ?" ಅಂತ ಬೇರೆ ಬೇರೆ ಸಭೆಗಳ (ಚರ್ಚುಗಳ) ಹೆಂಗಸರು ನನ್ನನ್ನು ಕೇಳುತ್ತಲೇ ಇರುತ್ತಾರೆ. ಕೇಳುವಾಗಲೇ ಅವರ ಕೈಯಲ್ಲಿ ಮೂರ್ನಾಲ್ಕು ಹೆಸರು ಇರುತ್ತವೆ. ಒಂದು ಅಮೆರಿಕದಲ್ಲಿರುವ ಮಗಳು ಹೇಳಿದ್ದು, ಒಂದು ಪಕ್ಕದ ಸಭೆಯವರು ಮಾಡಿ ಹೊಗಳಿದ್ದು, ಇನ್ನೊಂದು ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿದ್ದು. ನಮ್ಮದು ಮೈಸೂರಿನ ಒಂದು ಸಭೆಯ ಸ್ತ್ರೀಯರ ಕೂಟ. ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಸೇರುತ್ತೇವೆ, ಹದಿಮೂರು ಹದಿನಾಲ್ಕು ಜನ. ಆರು ವರ್ಷದಲ್ಲಿ ಐದು ಥರದ್ದು ಹಿಡಿದಿದ್ದೇವೆ, ಮುಗಿಸಿದ್ದು ಮೂರು. ಮುಗಿಸದೆ ಬಿಟ್ಟ ಎರಡರಿಂದ ಕಲಿತದ್ದೇ ಜಾಸ್ತಿ ಅನ್ನಬೇಕು.

ಮೊದಲ ವರ್ಕ್‌ಬುಕ್ ಎಂಟು ವಾರದ್ದು. ಕೊನೆಯ ದಿನ ಎಲ್ಲರೂ ಉಪ್ಪಿಟ್ಟು, ಟೀ ಮುಗಿಸಿ ಹೋದ ಮೇಲೆ ನೋಡಿದರೆ ಏಳು ಪುಸ್ತಕ ಬೆಂಚಿನ ಮೇಲೇ ಉಳಿದಿದ್ದವು. ಬೀರುವಿನಲ್ಲಿ ಇಡೋಣ ಅಂತ ಎತ್ತಿಕೊಂಡು ಸುಮ್ನೆ ಪುಟ ತಿರುಗಿಸಿದೆ. ಮೊದಲ ವಾರದಲ್ಲಿ ಉತ್ತರ ಬರೆಯಲು ಬಿಟ್ಟ ಗೆರೆಗಳೆಲ್ಲ ತುಂಬಿ ಅಂಚಿಗೂ ಬರೆದಿದ್ದರು. ಎರಡನೇ ವಾರ ಒಂದೊಂದೇ ಪದದ ಉತ್ತರ. ಮೂರನೇ ವಾರದಿಂದ ಹಾಳೆ ಬೆಳ್ಳಗೆ. ಒಂದು ಪುಸ್ತಕದಲ್ಲಂತೂ ಉತ್ತರವೇ ಇಲ್ಲ, ಹಿಂದಿನ ರಟ್ಟಿನ ಒಳಗೆ ಪ್ರಾರ್ಥನೆಗೆ ಕೇಳಿಕೊಂಡವರ ಹೆಸರು ಮಾತ್ರ ಉದ್ದಕ್ಕೆ ಇತ್ತು. ಇನ್ನೊಂದು ನಮ್ಮ ಕೂಟದ ಹಿರಿಯ ಆಂಟಿಯದು. ಪೆನ್ಸಿಲಿನಲ್ಲಿ ಪಕ್ಕದವರ ಉತ್ತರವನ್ನು ಹಾಗೇ ಇಳಿಸಿಕೊಂಡಿದ್ದರು. ವಾರ ವಾರವೂ ಅವರು ಪುಸ್ತಕವನ್ನು ಮಡಿಲಲ್ಲಿಟ್ಟು ಸೆರಗು ಮುಚ್ಚಿಕೊಂಡು ಕೂರುತ್ತಿದ್ದದ್ದು ಯಾಕೆ ಅಂತ ನನಗೆ ಆಗ ಹೊಳೆಯಿತು. ಅಲ್ಲಿಂದ ಮುಂದೆ ಯಾರು ಯಾವ ವರ್ಕ್‌ಬುಕ್ ತೋರಿಸಿದರೂ ನನ್ನ ಮೊದಲ ಪ್ರಶ್ನೆ ಒಂದೇ: ಇದರ ಗೆರೆಗಳನ್ನು ನಮ್ಮವರಲ್ಲಿ ಯಾರು ತುಂಬಿಸುತ್ತಾರೆ, ಯಾವಾಗ?

ಕೊಳ್ಳುವ ಮೊದಲು ಏನು ನೋಡಬೇಕು

ಭಾಷೆ ಎಲ್ಲಕ್ಕಿಂತ ಮುಖ್ಯ, ಮತ್ತು ಅದು ಕಾಣುವಷ್ಟು ಸುಲಭ ಇಲ್ಲ. ಓದುವ ಭಾಷೆ ಬೇರೆ, ಬರೆಯುವ ಭಾಷೆ ಬೇರೆ, ಮನಸ್ಸು ಬಿಚ್ಚಿ ಮಾತಾಡುವ ಭಾಷೆ ಬೇರೆ. ನಮ್ಮ ಕೂಟದಲ್ಲಿ ಇಬ್ಬರು ನರ್ಸ್‌ಗಳು ಇಂಗ್ಲಿಷಿನಲ್ಲಿ ಬರೆಯುತ್ತಾರೆ, ಅಳುವುದು ಮಾತ್ರ ತಮಿಳಿನಲ್ಲಿ. ಇಂಗ್ಲಿಷ್ ಪುಸ್ತಕ ಹಿಡಿದರೆ ಇನ್ನೊಂದು ತೊಂದರೆಯೂ ಇದೆ. "ಬಿಟ್ಟ ಸ್ಥಳ ತುಂಬಿರಿ" ಅನ್ನುವ ಪ್ರಶ್ನೆಗಳೆಲ್ಲ ಯಾವುದೋ ಒಂದು ಇಂಗ್ಲಿಷ್ ಅನುವಾದದ ಪದಗಳಿಗೆ ಅಂಟಿಕೊಂಡಿರುತ್ತವೆ. ಜ್ಞಾನೋಕ್ತಿ 31ರ ಹೆಂಗಸಿನ ಪಾಠದಲ್ಲಿ ಎರಡು ಪದಕ್ಕೆ ಎರಡು ಗೆರೆ ಇದ್ದವು. ನಮ್ಮ ಸತ್ಯವೇದದಲ್ಲಿ, ಅಂದರೆ ಕನ್ನಡ ಬೈಬಲಿನಲ್ಲಿ, ಅದು "ಗುಣವತಿ" ಅನ್ನುವ ಒಂದೇ ಪದದಲ್ಲಿ ಮುಗಿದಿದೆ. ಎರಡನೇ ಗೆರೆಗೆ ಏನು ಬರೆಯೋದು ಅಂತ ಹತ್ತು ನಿಮಿಷ ಚರ್ಚೆ ನಡೆಯಿತು. ಗುಣದ ಬಗ್ಗೆ ಅಲ್ಲ, ಗೆರೆಯ ಬಗ್ಗೆ!

ಆಮೇಲೆ ಹೊತ್ತು. ಹೆಚ್ಚಿನ ವರ್ಕ್‌ಬುಕ್‌ಗಳು ವಾರಕ್ಕೆ ಐದು ದಿನದ ಮನೆಗೆಲಸ ಕೊಡುತ್ತವೆ, ದಿನಕ್ಕೆ ಅರ್ಧ ಗಂಟೆಗೆ ಕಮ್ಮಿ ಇಲ್ಲ. ಅಂದರೆ ವಾರಕ್ಕೆ ಎರಡೂವರೆ ಗಂಟೆ, ಕೂಟದ ಹೊತ್ತು ಬೇರೆ. ನೈಟ್ ಶಿಫ್ಟ್ ಮಾಡುವವರಿಗೆ, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವವರಿಗೆ ಅದು ಎಲ್ಲಿಂದ ಬರಬೇಕು?

ದುಡ್ಡಿನ ಲೆಕ್ಕವನ್ನು ಬಾಯಿಬಿಟ್ಟು ಕೇಳಿ. ಯಾರೂ ತಾವಾಗಿ "ನನಗೆ ಆಗಲ್ಲ" ಅನ್ನುವುದಿಲ್ಲ, ಸುಮ್ನೆ ಬರುವುದನ್ನು ನಿಲ್ಲಿಸುತ್ತಾರೆ. ಜೊತೆಗೆ, ನಡೆಸುವವರು ಯಾರು ಅಂತಲೂ ನೋಡಬೇಕು. ಸಭಾಪಾಲಕರ ಹೆಂಡತಿಯೇ ಪ್ರತಿ ವಾರ ನಡೆಸಬೇಕಾ, ಅಥವಾ ಸರದಿಯ ಮೇಲೆ ಯಾರಾದರೂ ನಡೆಸಬಹುದಾ? ಇನ್ನು ಬೋಧನೆ. ದೀಕ್ಷಾಸ್ನಾನ, ಪ್ರಾರ್ಥನೆಯಲ್ಲಿ ಅನ್ಯಭಾಷೆ ಆಡುವುದು, ಅಂತ್ಯಕಾಲ, ಗಂಡನಿಗೆ ಅಧೀನಳಾಗಿರುವುದು, ಇವುಗಳ ಬಗ್ಗೆ ಒಂದೊಂದು ಪುಸ್ತಕ ಒಂದೊಂದು ಥರ ಹೇಳುತ್ತದೆ. ಮೊದಲೇ ಅಯ್ಯನವರ (ಸಭಾಪಾಲಕರ) ಕೈಗೆ ಒಂದು ಪ್ರತಿ ಕೊಟ್ಟುಬಿಡಿ. ನಾಲ್ಕನೇ ವಾರದಲ್ಲಿ ಗಲಾಟೆ ಆಗುವುದಕ್ಕಿಂತ ಇದು ವಾಸಿ.

ಕಥೋಲಿಕ ಗೆಳತಿಯರು ಕೂಟಕ್ಕೆ ಬರುವುದಾದರೆ ಇನ್ನೊಂದು ಮಾತು. ನಮ್ಮ ಬೈಬಲಿನಲ್ಲಿ 66 ಪುಸ್ತಕ, ಅವರದರಲ್ಲಿ 73. ಎಸ್ತೇರಳ ಪಾಠ ಮಾಡುವಾಗ ವರ್ಕ್‌ಬುಕ್ "ಈ ಪುಸ್ತಕದಲ್ಲಿ ದೇವರು ಅನ್ನುವ ಪದವೇ ಇಲ್ಲ, ಯಾಕೆ?" ಅಂತ ದೊಡ್ಡದಾಗಿ ಕೇಳಿತ್ತು. ಪಕ್ಕದ ಮನೆಯ ಕಥೋಲಿಕ ಅಕ್ಕ "ಇದೆಯಲ್ಲಾ!" ಅಂತ ತಮ್ಮ ಬೈಬಲ್ ತೆಗೆದು ತೋರಿಸಿದರು. ಅವರದರಲ್ಲಿ ಗ್ರೀಕಿನಿಂದ ಬಂದ ಭಾಗಗಳೂ ಸೇರಿವೆ, ಅಲ್ಲಿ ಎಸ್ತೇರಳ ಪ್ರಾರ್ಥನೆಯೇ ಇದೆ. ಇಬ್ಬರೂ ಸರಿ. ಆದರೆ ವರ್ಕ್‌ಬುಕ್‌ಗೆ ಅದು ಗೊತ್ತಿರಲಿಲ್ಲ.

ವಿಡಿಯೋ ಜೊತೆ ಬರುವ ಇಂಗ್ಲಿಷ್ ವರ್ಕ್‌ಬುಕ್

ಎಲ್ಲರಿಗೂ ಮೊದಲು ಆಸೆ ಹುಟ್ಟುವುದು ಇದರ ಮೇಲೆ. ಚಂದದ ಮುಖಪುಟ, ಒಳಗೆ ದಿನದಿನದ ಪಾಠ, ವಾರಕ್ಕೊಂದು ವಿಡಿಯೋ. ಹೆಚ್ಚಾಗಿ ಆರರಿಂದ ಎಂಟು ವಾರ. ನಾವು ಮೊದಲು ತಗೊಂಡದ್ದೂ ಇಂಥದ್ದೇ. ಹೊರಗಿನಿಂದ ತರಿಸಿದ್ದರಿಂದ ಒಂದು ಪ್ರತಿಗೆ ಸಾವಿರ ದಾಟಿತು. ಜೆರಾಕ್ಸ್ ಮಾಡಿಸೋಣ ಅಂದರೆ ಅದಕ್ಕೆ ಅನುಮತಿ ಇಲ್ಲ, ಎರಡನೇ ಪುಟದಲ್ಲೇ ಬರೆದಿರುತ್ತಾರೆ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ನಡೆಸುವವರಿಗೆ ಇದರಷ್ಟು ಹಗುರವಾದದ್ದು ಇಲ್ಲ. ಟಿವಿಗೆ ಹಾಕಿದರೆ ಪಾಠ ಅವರೇ ಮಾಡುತ್ತಾರೆ, ನೀವು ಟೀ ನೋಡಿಕೊಂಡರೆ ಸಾಕು. ಯಾವತ್ತೂ ಕೂಟಕ್ಕೆ ಬರದ ಐಟಿ ಕೆಲಸದ ಇಬ್ಬರು ಸೊಸೆಯಂದಿರು ಆ ಎಂಟು ವಾರ ತಪ್ಪಿಸಲಿಲ್ಲ. ಭಯ, ಕೋಪ, ಮಕ್ಕಳ ಚಿಂತೆ, ಇಂಥ ವಿಷಯಗಳನ್ನು ಅವರು ಮನಸ್ಸಿಗೆ ತಾಗುವ ಹಾಗೆ ಮಾತಾಡುತ್ತಾರೆ, ಅದನ್ನು ಒಪ್ಪಲೇಬೇಕು.

ಆದರೆ ಉದಾಹರಣೆಗಳೆಲ್ಲ ಅಲ್ಲಿಯವು. ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ನೆಂಟರು ಬಂದಾಗ ಓವನ್ ಕೈಕೊಟ್ಟ ಕಥೆಗೆ ನಗುವ ಹೊತ್ತಿಗೆ ನಮ್ಮ ಅರ್ಧ ಜನ ಅನುವಾದ ಕೇಳುತ್ತಿದ್ದರು. ವಿಡಿಯೋ ಮುಗಿಯಲು ಮುಕ್ಕಾಲು ಗಂಟೆ, ಪ್ರಾರ್ಥನೆಗೆ ಇಪ್ಪತ್ತು ನಿಮಿಷ ಅಂದರೆ ನಾವು ನಾವೇ ಮಾತಾಡಲು ಉಳಿದದ್ದು ಹತ್ತು ನಿಮಿಷ. ಮೇಲೆ ಹೇಳಿದ ಖಾಲಿ ಗೆರೆಗಳೂ ಇದರವೇ. ಎಲ್ಲರೂ ಇಂಗ್ಲಿಷ್ ಸಲೀಸಾಗಿ ಓದುವ ಗುಂಪು, ನಡೆಸಲು ಯಾರಿಗೂ ಧೈರ್ಯ ಇಲ್ಲ, ದುಡ್ಡಿಗೆ ತೊಂದರೆ ಇಲ್ಲ ಅಂದರೆ ಧಾರಾಳವಾಗಿ ತಗೊಳ್ಳಿ. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಸೇರುವ ಗುಂಪುಗಳಿಗೆ ಇದು ಹೊಂದುತ್ತದೆ. ಹೊರದೇಶದಲ್ಲಿ ಬೆಳೆದ ಕನ್ನಡದ ಹುಡುಗಿಯರಿಗೂ ಸರಿ.

ಬಣ್ಣದ ಪೆನ್ಸಿಲಿನ ಪದ್ಧತಿ

ಇದನ್ನು ಇಂಡಕ್ಟಿವ್ ಸ್ಟಡಿ ಅನ್ನುತ್ತಾರೆ. ಮೊದಲು ಬೈಬಲಿನ ವಾಕ್ಯ ಏನು ಹೇಳುತ್ತಿದೆ ಅಂತ ನೋಡು, ಆಮೇಲೆ ಅದರ ಅರ್ಥ ಏನು ಅಂತ ಕೇಳು, ಕೊನೆಗೆ ನನಗೇನು ಅಂತ ಯೋಚಿಸು. ಈ ಕ್ರಮ ತಪ್ಪುವ ಹಾಗಿಲ್ಲ. ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ ಅಂತ ಪ್ರತಿ ಭಾಗಕ್ಕೂ ಕೇಳಬೇಕು. ಮರಳಿ ಮರಳಿ ಬರುವ ಪದಗಳಿಗೆ ಒಂದೊಂದು ಬಣ್ಣ. ಈ ಪದ್ಧತಿಯನ್ನು ವರ್ಕ್‌ಬುಕ್ ರೂಪದಲ್ಲಿ ಹೆಸರುವಾಸಿ ಮಾಡಿದ್ದು ಪ್ರಿಸೆಪ್ಟ್ ಅನ್ನುವ ಸಂಸ್ಥೆ, ಅಮೆರಿಕದ ಚಟ್ಟನೂಗದಲ್ಲಿ 1970ರಲ್ಲಿ ಶುರುವಾದದ್ದು. ದಿನಾ ಮನೆಗೆಲಸ ಕೊಡುವ ದಪ್ಪ ಪುಸ್ತಕವೂ ಇದೆ, ಮನೆಗೆಲಸವೇ ಇಲ್ಲದೆ ಕೂಟದಲ್ಲೇ 40 ನಿಮಿಷಕ್ಕೆ ಮುಗಿಯುವ ತೆಳ್ಳಗಿನದೂ ಇದೆ. ಎರಡನೆಯದು ಕೆಲಸಕ್ಕೆ ಹೋಗುವವರಿಗೆ ವರ.

ನಾವು ಪುಸ್ತಕ ಕೊಳ್ಳದೆ ಪದ್ಧತಿಯನ್ನು ಮಾತ್ರ ತಗೊಂಡೆವು. ಓದಿದ್ದು ಬೈಬಲಿನ ರೂತಳ ಪುಸ್ತಕ, ನಾಲ್ಕೇ ಅಧ್ಯಾಯ, 85 ವಚನ. ನೋಟ್‌ಬುಕ್ಕಿನ ಎಡ ಪುಟದಲ್ಲಿ ವಾಕ್ಯವನ್ನು ಒಂದು ಗೆರೆ ಬಿಟ್ಟು ಒಂದು ಗೆರೆ ಕೈಯಲ್ಲೇ ಬರೆದುಕೊಳ್ಳುವುದು, ಬಲ ಪುಟದಲ್ಲಿ ನಮ್ಮ ಟಿಪ್ಪಣಿ. ಬಣ್ಣದ ಪೆನ್ಸಿಲ್ ಮೊಮ್ಮಕ್ಕಳ ಸ್ಕೂಲ್ ಬ್ಯಾಗಿನಿಂದ ಬಂದವು. ಕೂಟ ಮುಗಿದ ಮೇಲೆ ನೀಲಿ ಬಣ್ಣ ಯಾರ ಬ್ಯಾಗಿಗೆ ಹೋಯಿತು ಅಂತ ಫೋನ್ ಬರುತ್ತಿತ್ತು.

ಕನ್ನಡದಲ್ಲಿ ಇದಕ್ಕೊಂದು ತೊಡಕಿದೆ, ಪುಸ್ತಕದವರು ಹೇಳುವುದಿಲ್ಲ. ರೂತಳ ಮೊದಲ ಅಧ್ಯಾಯದಲ್ಲಿ "ಹಿಂದಿರುಗು" ಅನ್ನುವ ಅರ್ಥದ ಪದ ಹೀಬ್ರೂವಿನಲ್ಲಿ 12 ಸಲ ಬರುತ್ತದೆ. ಕನ್ನಡದಲ್ಲಿ ಅದು ಒಂದು ಕಡೆ "ಹಿಂದಿರುಗು", ಇನ್ನೊಂದು ಕಡೆ "ತಿರುಗಿ ಹೋಗು" ಆಗುತ್ತದೆ. ಅದರ ಮೇಲೆ ನಮ್ಮ ಕ್ರಿಯಾಪದಗಳ ಬಾಲ ಬೇರೆ. ಹಾಗಾಗಿ ಪದ ನೋಡಿ ಬಣ್ಣ ಹಚ್ಚಲು ಆಗುವುದಿಲ್ಲ, ಅರ್ಥ ನೋಡಿ ಹಚ್ಚಬೇಕು. ಮೊದಲ ವಾರ ಗೊಣಗಿದೆವು. ಆಮೇಲೆ ನೋಡಿದರೆ ಅದೇ ಒಳ್ಳೆಯದಾಯಿತು, ಯಾಕೆಂದರೆ ಇದು ಆ ಪದವಾ ಅಲ್ಲವಾ ಅಂತ ಜಗಳ ಆಡುತ್ತಾ ಆಡುತ್ತಾ ಎಲ್ಲರೂ ವಾಕ್ಯವನ್ನು ಹತ್ತು ಸಲ ಓದಿದ್ದರು.

ಒಂದು ಬುಧವಾರ ಒರ್ಫಾಳ ವಿಷಯ ಬಂತು. ನೊವೊಮಿ ಗಂಡಂದಿರು ತೀರಿಹೋದ ತನ್ನ ಇಬ್ಬರು ಸೊಸೆಯರಿಗೂ "ನಿಮ್ಮ ತವರಿಗೆ ಹೋಗಿ" ಅನ್ನುತ್ತಾಳೆ. ರೂತಳು ಹೋಗುವುದಿಲ್ಲ, ಒರ್ಫಾ ಹೋಗುತ್ತಾಳೆ. ಹೋದದ್ದು ತಪ್ಪಾ? ನಮ್ಮ ಕೂಟದಲ್ಲಿ ಒಂದು ಅತ್ತೆ ಸೊಸೆ ಜೋಡಿ ಇದೆ. ಸೊಸೆ ತಲೆ ಎತ್ತದೆ "ಅತ್ತೆನೇ ಹೋಗು ಅಂದಾಗ ಹೋದರೆ ಅದೇನು ತಪ್ಪು?" ಅಂದಳು. ಫ್ಯಾನಿನ ಸದ್ದು ಬಿಟ್ಟು ಏನೂ ಕೇಳಿಸಲಿಲ್ಲ. ಅತ್ತೆ ನಿಧಾನವಾಗಿ "ಬಾಯಲ್ಲಿ ಹೋಗು ಅಂದೋಳು ಒಳಗೆ ಏನು ಅಂದುಕೊಂಡಿದ್ದಳೋ" ಅಂದರು. ಯಾವ ವಿಡಿಯೋದಲ್ಲೂ ಇದು ಸಿಗಲ್ಲ.

ಇದರ ಕಷ್ಟ ಏನೆಂದರೆ ನಿಧಾನ. ನಾಲ್ಕು ಅಧ್ಯಾಯಕ್ಕೆ ನಮಗೆ ಒಂಬತ್ತು ವಾರ ಹಿಡಿಯಿತು. ಟೀಚರ್ ಆಗಿದ್ದವರಿಗೆ ಖುಷಿ, ಬೇಗ ಸಮಾಧಾನದ ಮಾತು ಬೇಕಾಗಿ ಬಂದವರಿಗೆ ಬೇಸರ. ಹಾಗೇ ನಡೆಸುವವರು ಬಾಯಿ ಬಿಗಿಹಿಡಿಯಬೇಕು, ಉತ್ತರ ಗೊತ್ತಿದ್ದರೂ ಹೇಳಬಾರದು. ನನಗೆ ಅದು ಇನ್ನೂ ಬಂದಿಲ್ಲ.

ಪ್ರಶ್ನೆ ಹಾಳೆ ಕೊಡುವ ತರಗತಿಗಳು

ನಿಮ್ಮ ಸಭೆಯಲ್ಲಿ ಕೂಟವೇ ಇಲ್ಲ, ಅಥವಾ ಊರು ಬಿಟ್ಟು ಬೇರೆ ದೇಶದಲ್ಲಿದ್ದೀರಿ ಅಂದರೆ ಬೈಬಲ್ ಸ್ಟಡಿ ಫೆಲೋಶಿಪ್‌ನಂಥ ತರಗತಿಗೆ ಸೇರುವುದು ಒಂದು ದಾರಿ. ಇದರ ಹುಟ್ಟು ನನಗೆ ಇಷ್ಟ. ವೆದರೆಲ್ ಜಾನ್ಸನ್ ಅನ್ನುವವರು ಚೀನಾದಲ್ಲಿ ಮಿಷನರಿಯಾಗಿದ್ದು ಕ್ಯಾಲಿಫೋರ್ನಿಯಾಕ್ಕೆ ಬಂದಾಗ ಐದು ಜನ ಹೆಂಗಸರು ಬೈಬಲ್ ಕಲಿಸಿ ಅಂತ ಕೇಳಿದರಂತೆ. ಅವರು ಪಾಠ ಹೇಳುವ ಬದಲು ಪ್ರಶ್ನೆ ಬರೆದುಕೊಟ್ಟು "ನೀವೇ ಓದಿ ಉತ್ತರ ತನ್ನಿ" ಅಂದರು. 1959ರಲ್ಲಿ ಅದು ಸಂಸ್ಥೆಯಾಯಿತು. ಈಗಲೂ ಅದೇ ಕ್ರಮ: ಮನೆಯಲ್ಲಿ ಪ್ರಶ್ನೆ, ಗುಂಪಿನಲ್ಲಿ ಚರ್ಚೆ, ಆಮೇಲೆ ಉಪನ್ಯಾಸ, ಕೊನೆಗೆ ಓದಲು ಟಿಪ್ಪಣಿ. ಫೀಸ್ ಇಲ್ಲ. ಆನ್‌ಲೈನ್ ಗುಂಪುಗಳೂ ಇವೆ.

ಶಿಸ್ತು ಜಾಸ್ತಿ. ಮೂವತ್ತು ವಾರದ ಹತ್ತಿರ ನಡೆಯುತ್ತದೆ, ಇವತ್ತು ಆಗಲಿಲ್ಲ ಮುಂದಿನ ವಾರ ನೋಡೋಣ ಅನ್ನುವ ಹಾಗಿಲ್ಲ. ನಮ್ಮಲ್ಲಿ ಒಬ್ಬರು ಒಂದು ವರ್ಷ ಪೂರ್ತಿ ಮಾಡಿದರು. ಬೈಬಲ್ ಚೆನ್ನಾಗಿ ಕಲಿತರು, ಆದರೆ ಬುಧವಾರದ ಕೂಟಕ್ಕೆ ಬರಲು ಅವರಿಗೆ ಹೊತ್ತೇ ಸಿಗಲಿಲ್ಲ. ಆ ಲೆಕ್ಕವನ್ನೂ ಹಾಕಿಕೊಳ್ಳಿ.

ಕನ್ನಡದ ಚಿಕ್ಕ ಪುಸ್ತಿಕೆ, ಅಂಚೆ ಪಾಠ

ಕ್ರೈಸ್ತ ಪುಸ್ತಕದಂಗಡಿಗಳಲ್ಲಿ ಸಿಗುವ ತೆಳ್ಳಗಿನ ಪಾಠದ ಪುಸ್ತಿಕೆಗಳು, ಮತ್ತೆ ಅಂಚೆಯಲ್ಲಿ ಉಚಿತವಾಗಿ ಬರುವ ಸತ್ಯವೇದ ಪಾಠಗಳು. ನಮ್ಮ ಅಮ್ಮಂದಿರ ಕಾಲದಲ್ಲಿ ಪಾಠದ ಲಕೋಟೆಗೆ ಕಾಯುವುದೇ ಒಂದು ಸಂಭ್ರಮ. ಇವುಗಳಲ್ಲಿ ಪ್ರಶ್ನೆ ಸುಲಭ, ವಚನ ತೆಗೆದರೆ ಉತ್ತರ ಅಲ್ಲೇ ಇರುತ್ತದೆ. ಐವತ್ತು ರೂಪಾಯಿ ಒಳಗೆ ಮುಗಿಯುತ್ತದೆ. ಗೆರೆ ಖಾಲಿ ಉಳಿಯುವುದಿಲ್ಲ, ನಾವು ಮುಗಿಸಿದ ಮೂರರಲ್ಲಿ ಇದೂ ಒಂದು.

ಆದರೆ ಉತ್ತರ ಬರೆದ ಮೇಲೆ ಮಾತಾಡಲು ಏನೂ ಉಳಿಯುವುದಿಲ್ಲ. "ಯೋನನು ಎಷ್ಟು ದಿನ ಮೀನಿನ ಹೊಟ್ಟೆಯಲ್ಲಿದ್ದನು?" "ಮೂರು." ಸರಿ, ಮುಂದಿನದು. ಆದರೂ ಇದನ್ನು ತಳ್ಳಿಹಾಕಬೇಡಿ. ಹೊಸದಾಗಿ ನಂಬಿಕೆಗೆ ಬಂದವರಿಗೆ, ಯಾವ ಪುಸ್ತಕ ಎಲ್ಲಿದೆ ಅಂತ ಹುಡುಕಲು ಕಷ್ಟಪಡುವವರಿಗೆ ಇದಕ್ಕಿಂತ ಒಳ್ಳೆಯ ಶುರು ಇಲ್ಲ. ಪಾಠ ಮುಗಿಸಿದರೆ ಸಿಗುವ ಸರ್ಟಿಫಿಕೇಟನ್ನೂ ಹಗುರ ಮಾಡಬೇಡಿ. ಏಳನೇ ಕ್ಲಾಸಿಗೆ ಓದು ಬಿಟ್ಟ ನಮ್ಮ ಟೈಲರ್ ಅಕ್ಕ ಅದಕ್ಕೆ ಫ್ರೇಮ್ ಹಾಕಿಸಿ ಹೊಲಿಗೆ ಮಷೀನಿನ ಮೇಲೆ ತೂಗುಹಾಕಿದ್ದಾರೆ.

ಪುಸ್ತಕವೇ ಬೇಡ ಅಂದರೆ

ಒಂದು ನೋಟ್‌ಬುಕ್, ಒಂದು ಸತ್ಯವೇದ, ಮೂರು ಗುರುತು. ಹೊಸದಾಗಿ ಹೊಳೆದ ಮಾತಿಗೆ ಬಲ್ಬ್, ಅರ್ಥ ಆಗದ್ದಕ್ಕೆ ಪ್ರಶ್ನೆ ಚಿಹ್ನೆ, ನಾನು ಮಾಡಬೇಕಾದ್ದಕ್ಕೆ ಬಾಣ. ಇದನ್ನು ಸ್ವೀಡಿಷ್ ಪದ್ಧತಿ ಅನ್ನುತ್ತಾರೆ. ಮನೆಗೆಲಸ ಇಲ್ಲ, ಖರ್ಚು ಇಲ್ಲ. ಓದು ಬಾರದವರೂ ಬೆರಳು ತೋರಿಸಿ "ನನಗೆ ಇಲ್ಲಿ ಬಾಣ" ಅನ್ನಬಹುದು. ಕನ್ನಡ ಆಡಿಯೋ ಬೈಬಲ್ ಮೊಬೈಲಿನಲ್ಲಿ ಉಚಿತ, ಅಡುಗೆ ಮಾಡುತ್ತಾ ಭಾಗವನ್ನು ಎರಡು ಸಲ ಕೇಳಿಕೊಂಡು ಬಂದರೆ ಸಾಕು. ಹಳೆಯ ಸತ್ಯವೇದದ ಕನ್ನಡ ಬಿಗಿ ಅನಿಸಿದರೆ ಒಬ್ಬರು ಸರಳ ಅನುವಾದ ಹಿಡಿದು ಕೂರಲಿ, ಎರಡನ್ನೂ ಓದಿ.

ಇದರ ದೋಷ ಮುಚ್ಚಿಡುವುದಿಲ್ಲ. ಹಿಡಿತ ಇಲ್ಲದಿದ್ದರೆ ಲೂಕ 10ರ ಮಾರ್ಥಳಿಂದ ಶುರುವಾದದ್ದು ಗ್ಯಾಸ್ ಸಿಲಿಂಡರ್ ಬೆಲೆಗೆ ಹೋಗಿ ನಿಲ್ಲುತ್ತದೆ. ಪ್ರಶ್ನೆ ಚಿಹ್ನೆಗಳಿಗೆ ಉತ್ತರ ಹುಡುಕಿ ತರಲು ಒಬ್ಬರಾದರೂ ಬೇಕು. ನಾವು ಅಂಥವನ್ನು ಒಂದು ಹಾಳೆಯಲ್ಲಿ ಬರೆದು ತಿಂಗಳಿಗೊಮ್ಮೆ ಅಯ್ಯನವರನ್ನು ಕರೆದು ಕೂರಿಸುತ್ತೇವೆ. ಅವರು ಈಗ ಸ್ವಲ್ಪ ತಯಾರಿ ಮಾಡಿಕೊಂಡೇ ಬರುತ್ತಾರೆ.

ಇದರ ಹತ್ತಿರದ್ದೇ ಇನ್ನೊಂದು. ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಜ್‌ಬರ್ಗ್‌ನಲ್ಲಿರುವ ಉಜಾಮಾ ಕೇಂದ್ರದವರು ಎರಡನೇ ಸಮುವೇಲ 13ನೇ ಅಧ್ಯಾಯದ ತಾಮಾರಳ ಕಥೆಯನ್ನು ಹೆಂಗಸರ ಗುಂಪುಗಳಲ್ಲಿ ಓದಿಸುತ್ತಾ ಬಂದಿದ್ದಾರೆ. ಅಣ್ಣನಿಂದಲೇ ಅತ್ಯಾಚಾರಕ್ಕೆ ಒಳಗಾದ ಹುಡುಗಿಯ ಕಥೆ, ಭಾನುವಾರ ಆರಾಧನೆಯಲ್ಲಿ ಯಾರೂ ಓದುವುದಿಲ್ಲ. ಯಾರು ಏನು ಮಾಡಿದರು, ತಾಮಾರಳು ಏನು ಹೇಳಿದಳು, ನಮ್ಮ ಊರಿನಲ್ಲಿ ಇಂಥವರು ಇದ್ದಾರಾ ಅಂತ ಕೇಳುತ್ತಾ ಹೋಗುವುದು. ಒಂದೇ ದಿನದ ಪಾಠ, ಆದರೆ ಭಾರ. ಮಾತು ಹೊರಗೆ ಹೋಗಲ್ಲ ಅನ್ನುವ ನಂಬಿಕೆ ಇಲ್ಲದ ಗುಂಪಿನಲ್ಲಿ ಇದಕ್ಕೆ ಕೈ ಹಾಕಬೇಡಿ. ನಾವೂ ಹಾಕಿಲ್ಲ.

ಯಾವುದೂ ತೀರ್ಮಾನ ಆಗುತ್ತಿಲ್ಲ, ಗುಂಪು ಕೂಡುತ್ತದೋ ಇಲ್ಲವೋ ಗೊತ್ತಿಲ್ಲ ಅಂದರೆ ಮಾರ್ಚ್ ತಿಂಗಳ ಮೊದಲ ಶುಕ್ರವಾರದ ಲೋಕ ಪ್ರಾರ್ಥನಾ ದಿನದಿಂದ ಶುರು ಮಾಡಿ. ವರ್ಷಕ್ಕೊಂದು ದೇಶದ ಹೆಂಗಸರು ಅದರ ಆರಾಧನೆಯನ್ನು ತಯಾರಿಸುತ್ತಾರೆ. 2025ರಲ್ಲಿ ಕುಕ್ ದ್ವೀಪದವರು 139ನೇ ಕೀರ್ತನೆಯ ಮೇಲೆ ಮಾಡಿದ್ದರು. ಆ ಒಂದೇ ಕೀರ್ತನೆಯನ್ನು ಮೂರು ವಾರ ಓದಿ ನೋಡಿದರೆ ಯಾರು ಬರುತ್ತಾರೆ, ಯಾರು ಬರೆಯುತ್ತಾರೆ, ಯಾರು ಬರೀ ಕೇಳುತ್ತಾರೆ ಅಂತ ತಿಳಿಯುತ್ತದೆ.

ದುಡ್ಡು ಕಟ್ಟುವ ಮೊದಲು ಇಷ್ಟು ಮಾಡಿ. ಹೆಚ್ಚಿನ ಪ್ರಕಾಶಕರು ಮೊದಲ ಪಾಠವನ್ನು ನೋಡಲು ಉಚಿತವಾಗಿ ಕೊಡುತ್ತಾರೆ. ಅದನ್ನು ನಿಮ್ಮಲ್ಲಿ ಚೆನ್ನಾಗಿ ಓದಿಕೊಂಡವರ ಕೈಗೆ ಕೊಡಬೇಡಿ. ಹೊತ್ತೇ ಸಿಗದವರಿಗೆ ಒಂದು, ಕನ್ನಡಕ ಇಲ್ಲದೆ ಓದಲಾಗದವರಿಗೆ ಒಂದು ಕೊಟ್ಟು ಒಂದು ವಾರ ಬಿಟ್ಟು ಹಾಳೆ ವಾಪಸ್ ಇಸ್ಕೊಳ್ಳಿ. ಎಷ್ಟು ಗೆರೆ ತುಂಬಿದೆ ನೋಡಿ. ವಾರಗಳನ್ನೂ ಎಣಿಸಿ: ಎಂಟು ವಾರದ್ದು ಅಂತ ಬರೆದಿದ್ದರೆ ನಮಗೆ ಹನ್ನೆರಡು, ಯಾಕೆಂದರೆ ಮಧ್ಯೆ ಮಕ್ಕಳ ಪರೀಕ್ಷೆ, ಎರಡು ಮದುವೆ, ಒಂದು ಸಾವು ಇದ್ದೇ ಇರುತ್ತವೆ. ನವೆಂಬರ್ ಕೊನೆಗೆ ನಿಲ್ಲಿಸಿಬಿಡಿ. ಡಿಸೆಂಬರಿನಲ್ಲಿ ಕ್ರಿಸ್ಮಸ್ ತಿಂಡಿ ಕಲ್‌ಕಲ್ ಒತ್ತುವವರ ಕೈಗೆ ಪೆನ್ನು ಬರುವುದಿಲ್ಲ.

ನಾವು ಈಗ ಲೂಕನ ಸುವಾರ್ತೆ ಹಿಡಿದಿದ್ದೇವೆ, 24 ಅಧ್ಯಾಯ, ವರ್ಕ್‌ಬುಕ್ ಇಲ್ಲ, ಅರವತ್ತು ರೂಪಾಯಿಯ ನೋಟ್‌ಬುಕ್ ಮತ್ತು ಮೂರು ಗುರುತು. ರೂತಳ ನಾಲ್ಕು ಅಧ್ಯಾಯಕ್ಕೆ ಒಂಬತ್ತು ವಾರ ತಗೊಂಡವರು ಇದನ್ನು ಯಾವಾಗ ಮುಗಿಸುತ್ತೇವೋ, ನಾನಂತೂ ಕೇಳಲು ಹೋಗಿಲ್ಲ. ಸೆರಗು ಮುಚ್ಚಿಕೊಂಡು ಕೂರುತ್ತಿದ್ದ ಆಂಟಿಯ ನೋಟ್‌ಬುಕ್ಕಿನಲ್ಲಿ ಪುಟಕ್ಕೆ ಆರೇಳು ಪ್ರಶ್ನೆ ಚಿಹ್ನೆ ಇರುತ್ತವೆ. ಹೋದ ಬುಧವಾರ ಅಯ್ಯನವರು ಬಂದಾಗ ಅವರೇ ಮೊದಲು ಪುಸ್ತಕ ತೆರೆದು ಮುಂದೆ ಚಾಚಿ "ಇದು ಹೇಳಿ ಅಯ್ಯನೋರೆ" ಅಂದರು. ಕನ್ನಡಕ ಮಾತ್ರ ಪಕ್ಕದವರದು.